ಕಪ್ಪು ಪರದೆಯಲ್ಲಿ ಕಾಣೆಯಾದ ಕನ್ನಡ

ದೊಡ್ಡಬಳ್ಳಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟು ಗಣಕಯಂತ್ರಗಳಿವೆ. ಬೆಂಗಳೂರಿನ ಕಂಪನಿಯೊಂದು ಬಳಸಿ ಬಿಟ್ಟ ಯಂತ್ರಗಳು, ದಾನವಾಗಿ ಬಂದವು. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲವೆಂಬ ಕಾರಣಕ್ಕೆ ಅವುಗಳಲ್ಲಿ ಲಿನಕ್ಸ್ ಹಾಕಲಾಗಿತ್ತು. ಮಕ್ಕಳು ಕನ್ನಡದಲ್ಲೇ ಪ್ರಬಂಧ ಬರೆದು, ಕಡತಗಳಿಗೂ ಕನ್ನಡದಲ್ಲೇ ಹೆಸರಿಟ್ಟಿದ್ದರು. ಬೇಸಿಗೆ ರಜೆಯಲ್ಲಿ ಯಾರೋ ಬಂದು ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿ ಹೋದರು. ಶಾಲೆ ತೆರೆದ ದಿನ ಮೂರು ಯಂತ್ರಗಳಲ್ಲಿ ಚಿತ್ರವಿಲ್ಲ, ಮೌಸಿನ ಬಾಣವೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರ, ಅಷ್ಟೆ. ಬೇರೊಂದು ವರದಿಗೆಂದು ಅಲ್ಲಿಗೆ ಹೋಗಿದ್ದ ನನಗೆ ವಿಜ್ಞಾನದ ಮೇಷ್ಟ್ರು ಇದನ್ನು ತೋರಿಸಿದರು. ಆಜ್ಞೆಯೊಂದನ್ನು ಒತ್ತಿ ಕಡತಗಳ ಪಟ್ಟಿ ತರಿಸಿದರು. ಇಂಗ್ಲಿಷ್ ಹೆಸರಿನವೆಲ್ಲ ಸರಿಯಾಗಿ ಕಂಡವು. ಕನ್ನಡ ಹೆಸರುಗಳ ಜಾಗದಲ್ಲಿ ಒಂದೇ ಬಗೆಯ ಗುರುತುಗಳ ಸಾಲು. ‘ನೋಡಿ, ಯಂತ್ರ ಕೆಟ್ಟರೂ ಇಂಗ್ಲಿಷ್ ಬದುಕಿಕೊಂಡಿದೆ. ಹೋಗಿರೋದು ಕನ್ನಡ ಮಾತ್ರ’ ಎಂದರು.

ಮೇಷ್ಟ್ರು ನಗುತ್ತಲೇ ಆಡಿದ ಈ ಮಾತಿನ ಹಿಂದೆ ನಲವತ್ತು ವರ್ಷಗಳಿಗೂ ಮೀರಿದ ಒಂದು ಇತಿಹಾಸವಿದೆ. ಗಣಕದ ಪರದೆಯ ಮೇಲೆ ಚುಕ್ಕಿ ಇಡುವ ಅಧಿಕಾರ ಯಾರದು ಎಂಬ ಪ್ರಶ್ನೆಯ ಇತಿಹಾಸ ಅದು.

ಪರದೆಯ ಕೆಲಸವನ್ನು ದೊಡ್ಡಬಳ್ಳಾಪುರದವರಿಗೆ ವಿವರಿಸುವುದು ಸುಲಭ. ಇಲ್ಲಿನ ಮಗ್ಗಗಳಲ್ಲಿ ಸೀರೆಯ ಅಂಚಿಗೆ ನವಿಲು ಬರಬೇಕಾದರೆ ಮೊದಲು ಅದನ್ನು ಚೌಕುಳಿ ಕಾಗದದ ಮೇಲೆ ಬರೆಯಬೇಕು. ಆ ನಕ್ಷೆಯಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯಬೇಕು. ಮಗ್ಗದ ಮೇಲೆ ಕೂತ ಜಕಾರ್ಡ್ ಆ ತೂತುಗಳನ್ನು ಅನುಸರಿಸಿ ಹಾಸಿನ ಎಳೆಗಳನ್ನು ಎತ್ತುತ್ತದೆ. ಫ್ರಾನ್ಸಿನ ಲಿಯಾನ್ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಸಾಧನವಿದು. ಈಗ ಕಾರ್ಡಿನ ಬದಲು ವಿದ್ಯುನ್ಮಾನ ಜಕಾರ್ಡ್‌ಗಳೂ ಬಂದಿವೆ. ಗಣಕದ ಪರದೆಯೂ ಇಂಥದೇ ಚೌಕುಳಿ. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳು. ಸೆಕೆಂಡಿಗೆ 60 ಸಲ ಇಡೀ ಬಟ್ಟೆಯನ್ನು ಹೊಸದಾಗಿ ನೇಯ್ದಂತೆ. ಈ ನೇಯ್ಗೆ ಮಾಡುವುದು ಗ್ರಾಫಿಕ್ಸ್ ಚಿಪ್. ಆದರೆ ಒಂದೊಂದು ಕಂಪನಿಯ ಚಿಪ್ಪಿಗೂ ಒಂದೊಂದು ಗುಟ್ಟಿನ ಭಾಷೆ. ಆ ಭಾಷೆ ಬಲ್ಲ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ; ಚಾಲಕ ಎನ್ನೋಣ. ಇಡೀ ಯಂತ್ರದ ಮೇಸ್ತ್ರಿಯಂತೆ ಕೆಲಸ ಹಂಚುವ ಒಳ ತಂತ್ರಾಂಶವೇ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು.

ಹಾಗಿದ್ದರೆ ಚಾಲಕ ಕೈಕೊಟ್ಟಾಗಲೂ ಇಂಗ್ಲಿಷ್ ಅಕ್ಷರ ಕಾಣುವುದು ಹೇಗೆ? 1981ರಲ್ಲಿ ಬಂದ ಐಬಿಎಂ ಪಿಸಿಯ ಪರದೆಯಲ್ಲಿ 25 ಸಾಲು, ಸಾಲಿಗೆ 80 ಮನೆ. ಮನೆಗೊಂದು ಅಕ್ಷರ. ಅಕ್ಷರಗಳ ಆಕಾರ ಯಂತ್ರಾಂಶದಲ್ಲೇ ಅಚ್ಚಾಗಿತ್ತು, ಒಟ್ಟು 256. 1984ರ ಇಜಿಎ ಬಂದ ಮೇಲೆ ಇದನ್ನು 512ರವರೆಗೆ ಹಿಗ್ಗಿಸಬಹುದಾಯಿತು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿಗಳಿಗೆ ಇದು ಧಾರಾಳ. ಇನ್ನು ನಮ್ಮ ಲೆಕ್ಕ ನೋಡಿ. ಕನ್ನಡದ ವ್ಯಂಜನ 34. ಕಾಗುಣಿತದ ರೂಪ, ‘ಕ’ದಿಂದ ‘ಕಃ’ವರೆಗೆ, 15. ಗುಣಿಸಿದರೆ 510. ಬರೀ ಕಾಗುಣಿತಕ್ಕೇ 512 ಮನೆಗಳಲ್ಲಿ 510 ಖರ್ಚು! ಉಳಿದ ಎರಡರಲ್ಲಿ ಸ್ವರಗಳೆಲ್ಲಿ, ಅಂಕಿಗಳೆಲ್ಲಿ, ಒತ್ತಕ್ಷರಗಳೆಲ್ಲಿ? ಅದೂ ಅಲ್ಲದೆ ‘ಸ್ತ್ರೀ’ ಎಂಬ ಅಕ್ಷರ ‘ಗ’ದಷ್ಟೇ ಅಗಲದ ಮನೆಯಲ್ಲಿ ಕೂರಲು ಒಪ್ಪುವುದಿಲ್ಲ. ಅದರ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ.

ಅಂದರೆ ಗಣಕಕ್ಕೆ ಕನ್ನಡ ಎಂಬುದು ಅಕ್ಷರವಲ್ಲ, ಚಿತ್ರ. ಚುಕ್ಕಿ ಚುಕ್ಕಿಯಾಗಿ ಬಿಡಿಸಬೇಕಾದ ಚಿತ್ರ. ಚಿತ್ರ ಬಿಡಿಸಬೇಕಾದರೆ ಚಿಪ್ಪಿನ ಮೇಲೆ ಹಿಡಿತ ಬೇಕು.

ಈ ಅಡಚಣೆಗೆ ಮೊದಲು ಸಿಕ್ಕ ಪರಿಹಾರಗಳಲ್ಲಿ ಒಂದು ಯಂತ್ರಾಂಶದ್ದೇ ಆಗಿತ್ತು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಆರಂಭವಾದ ಭಾರತೀಯ ಲಿಪಿಗಳ ಸಂಶೋಧನೆ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ಜಿಸ್ಟ್’ ಕಾರ್ಡಾಗಿ ರೂಪ ಪಡೆಯಿತು. ಗಣಕದೊಳಗೆ ಈ ಕಾರ್ಡನ್ನು ಸಿಕ್ಕಿಸಿದರೆ ಅಕ್ಷರ ಕಟ್ಟುವ ಕೆಲಸ ಅದರದ್ದು. ಇಂಗ್ಲಿಷ್ ಅಕ್ಷರಕ್ಕೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲೂ ಭಾರತೀಯ ಲಿಪಿ ಕಂಡಿತು. ಆದರೆ ಕಾರ್ಡಿಗೆ ಬೇರೆ ಹಣ ತೆರಬೇಕು. ಇಂಗ್ಲಿಷ್ ಯಂತ್ರದ ಜತೆಗೇ ಬರುತ್ತಿತ್ತು. ಕನ್ನಡ ಕೊಂಡು ತಂದು ಜೋಡಿಸಬೇಕಾದ ವಸ್ತುವಾಗಿತ್ತು. ಆ ಕಾಲದಲ್ಲೇ ಕೆ.ಪಿ. ರಾವ್ ಅವರು ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸವನ್ನೂ ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ಉಚಿತವಾಗಿ ಹಂಚಿದರು ಎಂಬುದನ್ನು ಇಲ್ಲಿ ನೆನೆಯಬೇಕು.

ಮುಂದೆ ವಿಂಡೋಸ್ ಬಂತು. ಅದರಲ್ಲಿ ಪರದೆಯೆಲ್ಲ ಚಿತ್ರವೇ ಆದ್ದರಿಂದ ಫಾಂಟ್ ಇದ್ದರೆ ಕನ್ನಡ ಮೂಡುತ್ತಿತ್ತು. 1998ರಲ್ಲಿ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮನೆಮಾತಾದದ್ದು ಹೀಗೆ. ಚಿಪ್ ತಯಾರಕರೆಲ್ಲ ವಿಂಡೋಸ್‌ಗೆ ಚಾಲಕ ಬರೆದುಕೊಡುತ್ತಿದ್ದರು. ಲಿನಕ್ಸ್‌ಗೆ ಆ ಭಾಗ್ಯವಿರಲಿಲ್ಲ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಹೊರತಂದಾಗ ಅದರ ಜಗತ್ತು ಆ 80 ಮನೆ, 25 ಸಾಲಿನದೇ. ಚಿತ್ರದ ಕೆಲಸ ‘ಎಕ್ಸ್’ ಎಂಬ ಬೇರೆ ತಂತ್ರಾಂಶದ ಪಾಲಿಗಿತ್ತು. ಅದು ಮೇಸ್ತ್ರಿಗೆ ಹೇಳದೆ ನೇರವಾಗಿ ಮಗ್ಗಕ್ಕೇ ಕೈಹಾಕುತ್ತಿತ್ತು! ಗ್ರಾಫಿಕ್ಸ್ ಚಿಪ್ ಯಾವ ಸ್ಥಿತಿಯಲ್ಲಿದೆ ಎಂಬುದು ತಿರುಳಿಗೆ ಗೊತ್ತಿರುತ್ತಿರಲಿಲ್ಲ. ಎಕ್ಸ್ ಮಧ್ಯದಲ್ಲಿ ಬಿದ್ದುಹೋದರೆ ಪರದೆಯನ್ನು ಮತ್ತೆ ಸರಿಪಡಿಸುವವರೇ ಇಲ್ಲ.

ಇದೇ ಕಾಲಕ್ಕೆ ಬೆಂಗಳೂರಿನಲ್ಲಿ ಒಂದು ದಿಟ್ಟ ಪ್ರಯೋಗ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮೊದಲಾದವರು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆಯವರ ಜತೆಗೂಡಿ ‘ಸಿಂಪ್ಯೂಟರ್’ ಎಂಬ ಅಂಗೈಗಣಕವನ್ನು 2001ರಲ್ಲಿ ಪ್ರಕಟಿಸಿದರು. 320 ಚುಕ್ಕಿ ಉದ್ದ, 240 ಚುಕ್ಕಿ ಅಗಲದ ಪುಟ್ಟ ಪರದೆ, ಒಳಗೆ ಲಿನಕ್ಸ್. ಓದಲು ಬಾರದವರಿಗೂ ತಮ್ಮ ಭಾಷೆಯಲ್ಲಿ ದಕ್ಕಬೇಕೆಂಬುದು ಆಶಯ. ಯಂತ್ರಾಂಶದ ವಿನ್ಯಾಸವನ್ನೇ ಅವರು ಸಾರ್ವಜನಿಕ ಪರವಾನಗಿಯಡಿ ತೆರೆದಿಟ್ಟಿದ್ದರು. ಯಂತ್ರ ಮಾಡಿದವರೂ ತಂತ್ರಾಂಶ ಕೂಡಿಸಿದವರೂ ಒಂದೇ ಮನೆಯವರಾದ್ದರಿಂದ ಪರದೆಯ ಗುಟ್ಟಿಗಾಗಿ ಯಾರ ಬಾಗಿಲೂ ಬಡಿಯಬೇಕಿರಲಿಲ್ಲ. 2004ರಲ್ಲಿ ಬಿಇಎಲ್ ಸಹಯೋಗದಲ್ಲಿ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೂ ಬಳಕೆಯಾಯಿತು. ಆದರೆ ಮಾರಾಟ ನಿರೀಕ್ಷೆ ಮುಟ್ಟಲಿಲ್ಲ, ಯಂತ್ರ ಮರೆಗೆ ಸರಿಯಿತು. ನನ್ನ ವಯಸ್ಸಿನವರಲ್ಲಿ ಅನೇಕರು ಅದರ ಹೆಸರನ್ನೂ ಕೇಳಿಲ್ಲ ಎಂಬುದು ಖೇದಕರ.

ಮೇಜಿನ ಗಣಕಗಳ ವಿಷಯಕ್ಕೆ ಮರಳೋಣ. ಎಕ್ಸ್ ಮತ್ತು ತಿರುಳಿನ ನಡುವೆ ಸಂಧಾನ 1999ರಲ್ಲಿ ಶುರುವಾಯಿತು. ಗ್ರಾಫಿಕ್ಸ್ ಚಿಪ್ಪನ್ನು ಯಾರು ಯಾವಾಗ ಬಳಸಬೇಕೆಂದು ತಿರುಳೇ ನಿರ್ಧರಿಸುವ ಡಿಆರ್‌ಎಂ ಎಂಬ ವ್ಯವಸ್ಥೆ ಆಗ ರೂಪುಗೊಂಡಿತು. ಮುಖ್ಯ ತಿರುವು ಬಂದದ್ದು 2009ರ ಮಾರ್ಚ್‌ನಲ್ಲಿ. ಲಿನಕ್ಸ್ ತಿರುಳಿನ 2.6.29 ಆವೃತ್ತಿಯಲ್ಲಿ ಪರದೆಯ ಅಳತೆ, ಬಣ್ಣ, ಕ್ರಮ ಎಲ್ಲವನ್ನೂ ಹೊಂದಿಸುವ ಅಧಿಕಾರ ತಿರುಳಿಗೇ ಬಂತು. ಮೊದಲು ಇದರ ಪ್ರಯೋಜನ ದೊರೆತದ್ದು ಇಂಟೆಲ್ ಚಿಪ್ಪುಗಳಿಗೆ. ಮಗ್ಗ ಕಡೆಗೂ ಮೇಸ್ತ್ರಿಯ ಕೈಗೆ ಬಂದಂತಾಯಿತು.

ಅಧಿಕಾರ ಬಂದರೆ ಸಾಲದು, ಚಿಪ್ಪಿನ ಭಾಷೆ ತಿಳಿಯಬೇಕಲ್ಲ? ಎಟಿಐ ಕಂಪನಿಯನ್ನು ಕೊಂಡಿದ್ದ ಎಎಂಡಿ 2007ರ ಸೆಪ್ಟೆಂಬರ್‌ನಲ್ಲಿ ತನ್ನ ಚಿಪ್ಪುಗಳ ವಿವರಗಳನ್ನು ಪ್ರಕಟಿಸತೊಡಗಿತು. ಎನ್ವಿಡಿಯಾ ಮಾತ್ರ ಗುಟ್ಟು ಬಿಡಲಿಲ್ಲ. ಸ್ವಯಂಸೇವಕರು ಚಿಪ್ಪಿಗೆ ಹೋಗುವ ಆದೇಶಗಳನ್ನು ಹೊರಗಿನಿಂದ ಗಮನಿಸುತ್ತ, ಊಹಿಸುತ್ತ, ತಪ್ಪುತ್ತ ಚಾಲಕವೊಂದನ್ನು ಕಟ್ಟಿದರು. ಕಾರ್ಡು ಕೈಗೆ ಸಿಗದ ನೇಕಾರ ನೇಯ್ದ ಸೀರೆಯನ್ನೇ ನೋಡಿ ನಕ್ಷೆ ಬರೆದುಕೊಂಡ ಹಾಗೆ. ‘ನೂವೋ’ ಎಂಬ ಆ ಚಾಲಕ 2010ರ ಫೆಬ್ರುವರಿಯಲ್ಲಿ ತಿರುಳಿನೊಳಗೆ ಸೇರಿತು. 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಟೊರ್ವಾಲ್ಡ್ಸ್ ಎನ್ವಿಡಿಯಾದ ಮೇಲೆ ಸಿಟ್ಟಾಗಿ ಕ್ಯಾಮೆರಾದ ಮುಂದೆಯೇ ಬೆರಳೆತ್ತಿ ತೋರಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಹತ್ತು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ, ಆ ಕಂಪನಿ ತನ್ನ ಚಾಲಕದ ತಿರುಳಿಗೆ ಸಂಬಂಧಿಸಿದ ಭಾಗವನ್ನು ಮುಕ್ತವಾಗಿ ಪ್ರಕಟಿಸಿತು. 2018ರ ಟ್ಯೂರಿಂಗ್ ಪೀಳಿಗೆ ಮತ್ತು ಅನಂತರದ ಚಿಪ್ಪುಗಳಿಗೆ ಮಾತ್ರ. ಈ ಮೂರೂ ಕಂಪನಿಗಳ ಅಭಿವೃದ್ಧಿ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ದೇವನಹಳ್ಳಿ, ಹೊಸಕೋಟೆಯ ಕಡೆಯಿಂದ ದಿನವೂ ಬಸ್ಸು ಹಿಡಿದು ನಗರಕ್ಕೆ ಕೆಲಸಕ್ಕೆ ಹೋಗುವಷ್ಟು ಹತ್ತಿರ.

ಮುಕ್ತ ಚಾಲಕಕ್ಕೆ ಇಷ್ಟು ಹಟವೇಕೆ ಎಂದು ಕೇಳಬಹುದು. ಉತ್ತರ ಲಿನಕ್ಸ್ ಬೆಳೆಯುವ ಬಗೆಯಲ್ಲಿದೆ. ಒಂಬತ್ತು–ಹತ್ತು ವಾರಕ್ಕೊಮ್ಮೆ ತಿರುಳಿನ ಹೊಸ ಆವೃತ್ತಿ ಬರುತ್ತದೆ. ಒಳಗಿನ ಜೋಡಣೆಗಳು ಬದಲಾಗುತ್ತಲೇ ಇರುತ್ತವೆ. ಬದಲಿಸಿದವನೇ, ತಿರುಳಿನೊಳಗಿರುವ ಎಲ್ಲ ಚಾಲಕಗಳನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕೆಂಬುದು ಅಲ್ಲಿನ ಕಟ್ಟಳೆ. ಹೀಗಾಗಿ ಒಳಗಿನ ಚಾಲಕ ಮನೆಮಗ. ಮನೆ ರಿಪೇರಿಯಾದಾಗ ಅವನ ಕೋಣೆಯೂ ರಿಪೇರಿಯಾಗುತ್ತದೆ. ಹೊರಗಿನ ಮುಚ್ಚಿದ ಚಾಲಕ ನೆಂಟ. ಬಾಗಿಲು ಬದಲಾದರೆ ಅವನ ಹಳೆಯ ಬೀಗದ ಕೈ ನಡೆಯದು. ಹೊಸ ಕೈ ಮಾಡಿಸಿಕೊಡಬೇಕಾದ್ದು ಕಂಪನಿ. ಅದಕ್ಕೆ ಮನಸ್ಸಿಲ್ಲದಿದ್ದರೆ ಯಂತ್ರ ಗಟ್ಟಿಮುಟ್ಟಾಗಿದ್ದರೂ ಗುಜರಿಗೆ ಹೋಗುತ್ತದೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳ ತಿರುಳೂ ಲಿನಕ್ಸೇ. ಕೆಲವೇ ವರ್ಷಗಳಲ್ಲಿ ಅವುಗಳಿಗೆ ಹೊಸ ಆವೃತ್ತಿ ನಿಂತುಹೋಗಲು ಇಂಥ ಮುಚ್ಚಿದ ಚಾಲಕಗಳೂ ಒಂದು ಕಾರಣ.

ಶಾಲೆಯಲ್ಲಿ ಆದದ್ದೂ ಇದೇ. ಉಳಿದ ಐದು ಯಂತ್ರಗಳ ಚಾಲಕ ತಿರುಳಿನೊಳಗಿನದು, ಅವಕ್ಕೇನೂ ಆಗಲಿಲ್ಲ. ಈ ಮೂರರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿತ್ತು. ವೇಗ ಹೆಚ್ಚಲೆಂದು ಹಿಂದೆ ಯಾರೋ ತಯಾರಕರ ಮುಚ್ಚಿದ ಚಾಲಕವನ್ನು ಹಾಕಿದ್ದರು. ಆ ಹಳೆಯ ಕಾರ್ಡಿಗೆ ತಯಾರಕರು ಬೆಂಬಲ ನಿಲ್ಲಿಸಿ ಆಗಿತ್ತು. ಹೊಸ ತಿರುಳಿಗೆ ಆ ಚಾಲಕ ಹೊಂದಲಿಲ್ಲ. ಹಾಕುವಾಗ ಅದು ಒಳಗಿನ ಮುಕ್ತ ಚಾಲಕದ ಬಾಯಿಯನ್ನೂ ಕಟ್ಟಿತ್ತು. ಎರಡೂ ಇಲ್ಲದಾಗ ಉಳಿದದ್ದು 1981ರ ಪರದೆ.

ಆ ಪರದೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಹೊಸ ಯಂತ್ರಗಳಲ್ಲಿ ಅಕ್ಷರಗಳನ್ನು ತಿರುಳೇ ಚುಕ್ಕಿಯಿಟ್ಟು ಬರೆಯುತ್ತದಾದರೂ 512ರ ಮಿತಿ ಹಾಗೇ ಇದೆ. ಇದನ್ನು ಮೀರಲು 2012ರ ಆಸುಪಾಸಿನಲ್ಲಿ ಡೇವಿಡ್ ಹೆರ್ಮನ್ ಎಂಬುವರು ‘ಕೆಎಂಎಸ್‌ಕಾನ್’ ಎಂಬ ಬದಲಿ ಪರದೆ ರೂಪಿಸಿದರು; ಅದೂ ಸಮಾನ ಅಗಲದ ಮನೆಗಳ ಲೆಕ್ಕದ್ದೇ. 2024ರಲ್ಲಿ ತಿರುಳಿನ 6.10 ಆವೃತ್ತಿಗೆ ಇನ್ನೊಂದು ಸೌಲಭ್ಯ ಬಂತು. ತಿರುಳೇ ಕುಸಿದಾಗ ಅದನ್ನು ಪರದೆಯ ಮೇಲೆ ಬರೆದು ತಿಳಿಸುವ ಸೌಲಭ್ಯ. ಅದರ ಬರಹ ಇಂಗ್ಲಿಷ್.

ಮೇಷ್ಟ್ರು ಮತ್ತು ಹತ್ತನೆಯ ತರಗತಿಯ ಇಬ್ಬರು ಹುಡುಗರು ಕೂತು ಮುಚ್ಚಿದ ಚಾಲಕವನ್ನು ಕಿತ್ತುಹಾಕಿದರು. ಯಂತ್ರ ಮತ್ತೆ ಹೊತ್ತಿಕೊಂಡಾಗ ಮೊದಲು ಇಂಗ್ಲಿಷ್ ಸಾಲುಗಳು ಸರಸರನೆ ಮೇಲೇರಿದವು, ಒಂದು ಕ್ಷಣ ಕತ್ತಲು, ಆಮೇಲೆ ಬಣ್ಣದ ಪರದೆ. ಮಕ್ಕಳ ಕಡತಗಳು ಎಲ್ಲಿದ್ದವೋ ಅಲ್ಲೇ ಇದ್ದವು: ‘ನಮ್ಮೂರ ಕೆರೆ’, ‘ಅಜ್ಜನ ಮಗ್ಗ’. ಈಗ ಆ ಮೂರು ಯಂತ್ರಗಳ ನೆತ್ತಿಯ ಮೇಲೆ ಒಂದೊಂದು ಚೀಟಿ ಅಂಟಿಸಿದ್ದಾರೆ: ‘ಹೊರಗಿನ ಡ್ರೈವರ್ ಹಾಕಬಾರದು’.