ಹಳೆಯ ಹೆಸರು, ಹೊಸ ಕೂಟ

ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆ ಹೇಳುವವರು ಅದರ ಕವಾಯತು ಮೈದಾನ, ಇಗರ್ಜಿ, ಬಂಗಲೆಗಳನ್ನು ವರ್ಣಿಸಿದಷ್ಟು ಅಕ್ಕರೆಯಿಂದ ಅಲ್ಲಿನ ಹೆಂಡದಂಗಡಿಗಳನ್ನು ವರ್ಣಿಸುವುದಿಲ್ಲ. 1809ರಲ್ಲಿ ಇಂಗ್ಲಿಷರು ಹಲಸೂರಿನ ಬಳಿ ದಂಡು ಹೂಡಿದರು. ಇಲ್ಲಿ ಮಾತ್ರವಲ್ಲ, ಭಾರತದ ದಂಡುಗಳಲ್ಲೆಲ್ಲ ಗೋರಾ ಸಿಪಾಯಿಯ ಕುಡಿತ ಮೇಲಧಿಕಾರಿಗಳಿಗೆ ತೀರದ ತಲೆನೋವಾಗಿತ್ತು. ಊರು ಬಿಟ್ಟು ಬಂದು, ಸುಡುವ ಮಧ್ಯಾಹ್ನಗಳನ್ನು ಬ್ಯಾರಕ್ಕಿನಲ್ಲಿ ಕಳೆಯುವವನಿಗೆ ಬಟ್ಟಲೇ ಬಂಧು.

ಶಿಕ್ಷೆಯಿಂದ ಈ ಚಟ ಬಿಡಲಿಲ್ಲ. 1862ರಲ್ಲಿ ಆಗ್ರಾದಲ್ಲಿ ಗ್ರೆಗ್‌ಸನ್ ಎಂಬ ಪಾದ್ರಿ ಸೈನಿಕರ ಪಾನತ್ಯಾಗ ಸಂಘವೊಂದನ್ನು ಕಟ್ಟಿದನು. 1880ರ ದಶಕದಲ್ಲಿ ಸೇನಾಧಿಪತಿ ರಾಬರ್ಟ್ಸ್ ಇಂಥ ಸಂಘಗಳನ್ನು ಒಂದುಗೂಡಿಸಿದನು. ಕುಡಿಯದೆ ಕಳೆದ ಅವಧಿಗೆ ತಕ್ಕ ಪದಕ. ಕಾಫಿಗೂ ಆಟಕ್ಕೂ ಒಂದು ಕೋಣೆ. ಸೀಸೆಯನ್ನು ಕಸಿದರೆ ಸಾಲದು, ಸಂಜೆಯ ಹೊತ್ತು ಎಲ್ಲಿ, ಯಾರೊಡನೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕೆಂಬುದನ್ನು ದಂಡು ಆಗಲೇ ಕಂಡುಕೊಂಡಿತ್ತು.

ನೂರು ವರ್ಷಗಳ ಮೇಲೆ ಬೇರೊಂದು ಸೈನ್ಯ ಇದೇ ಪಾಠವನ್ನು ಮತ್ತೆ ಹೇಳಿತು. ವಿಯೆಟ್ನಾಮಿನ ಯುದ್ಧದಲ್ಲಿ ಅಮೆರಿಕದ ಅನೇಕ ಸೈನಿಕರು ಹೆರಾಯಿನ್‌ಗೆ ದಾಸರಾಗಿದ್ದರು. 1971ರಲ್ಲಿ ತಾಯ್ನಾಡಿಗೆ ಮರಳಿದವರ ಜಾಡನ್ನು ಲೀ ರಾಬಿನ್ಸ್ ಎಂಬ ವಿದುಷಿ ಹಿಡಿದು ನೋಡಿದರು. ಅಲ್ಲಿ ದಾಸರಾಗಿದ್ದವರ ಪೈಕಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5 ಮಂದಿ. ದೇಹ ಅದೇ, ಆದರೆ ನೆಲ, ನಂಟು, ನಿತ್ಯದ ಕೆಲಸ ಬೇರೆ. ಚಟ ಹತ್ತಿದ ಬೀದಿಗೇ ಹಿಂದಿರುಗಬೇಕಾದ ನಮ್ಮವರಿಗೆ ಈ ಭಾಗ್ಯವಿಲ್ಲ.

ಅಂಥವರಿಗೆ ದಾರಿ ತೋರಿದ್ದು 1935ರ ಒಂದು ಭೇಟಿ. ವ್ಯಾಪಾರದಲ್ಲಿ ಸೋತು ಅಮೆರಿಕದ ಏಕ್ರನ್ ಪಟ್ಟಣದ ಹೋಟೆಲಿನಲ್ಲಿ ಒಂಟಿಯಾಗಿದ್ದ ಬಿಲ್ ವಿಲ್ಸನ್ನನಿಗೆ ಮತ್ತೆ ಕುಡಿದುಬಿಡುವೆನೆಂಬ ಭಯ ಹುಟ್ಟಿತು. ಅವನು ಹುಡುಕಿದ್ದು ವೈದ್ಯನನ್ನಲ್ಲ, ಇನ್ನೊಬ್ಬ ಕುಡುಕನನ್ನು. ಸಿಕ್ಕವನು ಬಾಬ್ ಸ್ಮಿತ್. ಅವನು ವೈದ್ಯನೂ ಆಗಿದ್ದುದು ಆಕಸ್ಮಿಕ! ಆ ಇಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1953ರಲ್ಲಿ ಅದೇ ಮಾದರಿಯಲ್ಲಿ ಮಾದಕವಸ್ತುಗಳ ವ್ಯಸನಿಗಳ ಕೂಟ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿಯೂ ಇಂಥ ಸಭೆಗಳು ನಡೆಯುತ್ತವೆ.

ಈ ಸಭೆಗಳಲ್ಲಿ ಒಂದು ವಿಚಿತ್ರ ಪದ್ಧತಿಯುಂಟು. ಬಿಟ್ಟು ಇಪ್ಪತ್ತು ವರ್ಷವಾದವನೂ ಎದ್ದು ನಿಂತು ತನ್ನನ್ನು ವ್ಯಸನಿಯೆಂದೇ ಪರಿಚಯಿಸಿಕೊಳ್ಳುತ್ತಾನೆ. ಬಿಟ್ಟ ಮೇಲೂ ಆ ಹೆಸರೇಕೆ ಎಂದು ಕೇಳುವವರಿದ್ದಾರೆ. ವಚನಗಳನ್ನು ಪಾಠ ಹೇಳುವ ನನಗೆ ಇದು ಹೊಸತೆನಿಸುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನಿದ್ದಾನೆ, ಕನ್ನಗಳ್ಳನಾಗಿದ್ದನೆಂದು ಪರಂಪರೆ ಹೇಳುವ ಕನ್ನದ ಮಾರಿತಂದೆಯಿದ್ದಾನೆ, ಸೂಳೆ ಸಂಕವ್ವೆಯಿದ್ದಾಳೆ. ಶರಣರ ಕೂಟ ಇವರ ಹಳೆಯ ಹೆಸರನ್ನು ಅಳಿಸಲಿಲ್ಲ. ಅದರ ಅರ್ಥವನ್ನು ಬದಲಿಸಿತು. ಬೀದಿಯಲ್ಲಿ ಹೀಯಾಳಿಕೆಯಾಗಿದ್ದ ಮಾತು ಕೂಟದಲ್ಲಿ ನಡೆದು ಬಂದ ದಾರಿಯ ಗುರುತಾಯಿತು. ಒಂದೇ ಹೆಸರು, ಕರೆಯುವ ಬಾಯಿ ಬೇರೆ.

ಆದರೆ ಕರೆಯುವ ಬಾಯಿಯೇ ಇಲ್ಲದಿದ್ದರೆ? ಹಲಸೂರಿನಲ್ಲಿ ನಾನು ಬಲ್ಲ ಆಟೋ ಚಾಲಕನೊಬ್ಬನು ಚಿಕಿತ್ಸೆ ಮುಗಿಸಿ ಮನೆಗೆ ಬಂದನು. ನೆರೆಯವರು ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಒಂದು ಲೋಟ ಕಾಫಿಗೆ ಕರೆಯಲಿಲ್ಲ. ಮೂರನೆಯ ದಿನ "ಬಾರೋ ಮಗಾ" ಎಂದು ಕರೆದವರು ಹಳೆಯ ಅಂಗಡಿಯ ಗೆಳೆಯರು. ಅವನು ಹೋದನು. ತಪ್ಪು ಅವನದೊಬ್ಬನದೇ ಎನ್ನಲು ನನ್ನ ನಾಲಗೆ ಏಳದು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ. ಕಾನೂನು ಒಂದು ಬಾಗಿಲನ್ನು ಮುಚ್ಚಬಲ್ಲದು, ಇನ್ನೊಂದನ್ನು ತೆರೆಯಲಾರದು. ನಿಮ್ಹಾನ್ಸ್‌ನಂಥ ಸಂಸ್ಥೆಯ ವೈದ್ಯರು ದೇಹದ ನಡುಕವನ್ನು ನಿಲ್ಲಿಸುತ್ತಾರೆ, ಅದು ಅತ್ಯಗತ್ಯ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಶಿಬಿರಾರ್ಥಿಗಳು 'ನವಜೀವನ ಸಮಿತಿ'ಗಳಾಗಿ ಊರಿನಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಶಿಬಿರ ಕೆಲವೇ ದಿನ, ಸಮಿತಿ ಬಾಳಿನುದ್ದಕ್ಕೆ.

ಹಳ್ಳಿಗೆ ಸಾಧ್ಯವಾದದ್ದು ಹಲಸೂರು, ಶಿವಾಜಿನಗರಗಳ ವಠಾರಕ್ಕೆ, ಇಂದಿರಾನಗರದ ಮಹಡಿ ಮನೆಗೆ ಏಕೆ ಅಸಾಧ್ಯವಾಗಬೇಕು? ವಠಾರದವರು ಹೀನಾಯವಾಗಿ ಆಡಿಕೊಳ್ಳುತ್ತಾರೆ, ಮಹಡಿಯವರು ಮರ್ಯಾದೆಗಂಜಿ ಬಚ್ಚಿಡುತ್ತಾರೆ. ಎರಡರಿಂದಲೂ ವ್ಯಸನಿ ಒಂಟಿಯಾಗುತ್ತಾನೆ. ಬಿಟ್ಟು ಬಂದವನನ್ನು ಹಳೆಯ ಅಂಗಡಿಯವರಿಗಿಂತ ಮೊದಲು ನಾವು ಕರೆಯಬೇಕು.