ದಂಡಿಗನಹಳ್ಳಿಯ ಓಟು, ವಿಧಾನಸೌಧದ ಕುರ್ಚಿ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ ಈಗ ಓಟು ಹಾಕೋದು ಹೊಳೆನರಸೀಪುರ ಕ್ಷೇತ್ರಕ್ಕೆ. ಆ ಕ್ಷೇತ್ರದ ಲೆಕ್ಕ ಬಿಚ್ಚಿ ನೋಡೋಣ.

1962ರಲ್ಲಿ ಎಚ್.ಡಿ. ದೇವೇಗೌಡರು ಪಕ್ಷೇತರರಾಗಿ ನಿಂತು ಗೆದ್ದರು. ರೈತನ ಮಗನೊಬ್ಬ ಹಾಗೆ ಶಾಸನಸಭೆ ಹೊಕ್ಕಿದ್ದು ಸಣ್ಣ ಮಾತಲ್ಲ, ಒಪ್ಪಬೇಕು. 1972ರಲ್ಲಿ ವಿರೋಧ ಪಕ್ಷದ ನಾಯಕರಾದರು. 1994ರಲ್ಲಿ ಮುಖ್ಯಮಂತ್ರಿ, ಆ ಸಲ ಗೆದ್ದದ್ದು ರಾಮನಗರದಿಂದ. ಹೊಳೆನರಸೀಪುರದಲ್ಲಿ 1962ರಿಂದ 2023ರವರೆಗಿನ 14 ಸಾರ್ವತ್ರಿಕ ಚುನಾವಣೆಗಳಲ್ಲಿ 12 ಸಲ ಗೆದ್ದವರು ಅಪ್ಪ, ಇಲ್ಲಾ ಮಗ ರೇವಣ್ಣ. ಕೈತಪ್ಪಿದ್ದು 1989, 1999, ಎರಡೇ ಸಲ.

ಕೇರಿಯ ಓಟಿಲ್ಲದೆ ಇದೆಲ್ಲ ಆಗ್ತಿತ್ತೆ? ಸಾಮಾನ್ಯ ಕ್ಷೇತ್ರದಲ್ಲಿ ದಲಿತ ನಿಲ್ಲಬಾರದು ಅಂತ ಯಾವ ಕಾನೂನೂ ಇಲ್ಲ. ಟಿಕೇಟು ಕೊಡೋರು ಯಾರು? ಹಾಸನ ಜಿಲ್ಲೆಯಲ್ಲಿ ಮೀಸಲು ಕ್ಷೇತ್ರ ಬೇಕೆಂದರೆ ಸಕಲೇಶಪುರದ ಘಟ್ಟಕ್ಕೇ ಹೋಗಬೇಕು. ಅದು ಮೀಸಲಾಗಿ ಚುನಾವಣೆ ಕಂಡದ್ದು 2008ರಲ್ಲಿ.

ಇಡೀ ವಿಧಾನಸಭೆಯ 224ರಲ್ಲಿ 36 ಸ್ಥಾನ ಪರಿಶಿಷ್ಟ ಜಾತಿಗೆ. ಸ್ಥಾನಕ್ಕೆ ಮೀಸಲಾತಿ ಉಂಟು, ನಾಯಕತ್ವಕ್ಕಿಲ್ಲ. 1973ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಎಂಬ ಒಂದು ಮಾತಿಗೆ ಮಂತ್ರಿಗಿರಿ ಕಳಕೊಂಡರು. ಮಲ್ಲಿಕಾರ್ಜುನ ಖರ್ಗೆ 1972ರಿಂದ 2008ರವರೆಗೆ ಒಂದೇ ಸಮ ಒಂಬತ್ತು ಸಲ ಗೆದ್ದರು, ವಿರೋಧ ಪಕ್ಷದ ನಾಯಕರೂ ಆದರು. ಮುಖ್ಯಮಂತ್ರಿ ಕುರ್ಚಿ ಮಾತ್ರ ಪ್ರತಿ ಸಲವೂ ಇನ್ನೊಬ್ಬರಿಗೇ ಹೋಯಿತು.