ದಿನ ತುಂಬುವುದು

ಕನ್ನಡದಲ್ಲಿ 'ತುಂಬು' ಎಂಬ ಕ್ರಿಯಾಪದಕ್ಕೆ ಕೈತುಂಬ ಕೆಲಸ. ಕೆರೆ ತುಂಬುತ್ತದೆ, ಕಣ್ಣು ತುಂಬುತ್ತದೆ, ಹುಡುಗನಿಗೆ ಹದಿನೆಂಟು ತುಂಬುತ್ತದೆ. ಧಾರವಾಡದ ಕಡೆ ಶಾಲೆಯ ಫೀಯನ್ನೂ ತುಂಬುತ್ತಾರೆ. ಇದೇ ಬೇರಿನ 'ತುಂಬಾ' ಇಲ್ಲದೆ ಬೆಂಗಳೂರಿನವರ ಮಾತು ಮುಂದೆ ಸಾಗದು. ಆದರೆ ಈ ಪದ ಪೂರ್ತಿ ತೂಕದೊಂದಿಗೆ ಕೇಳಿಸುವುದು ಬಸುರಿಯ ಮನೆಯಲ್ಲಿ: "ದಿನ ತುಂಬಿದೆ." ದಿನ ಮುಗಿಯುವುದು, ತೀರುವುದು ಸಾವಿನ ಕಡೆಯ ಮಾತುಗಳು, ಹುಟ್ಟಿನ ಕಡೆ ದಿನ ತುಂಬಬೇಕು.

ಹಿರಿಯರಿಗೆ ಈ ಲೆಕ್ಕ ಬಲು ನಿಖರ. "ಒಂಬತ್ತು ತಿಂಗಳು" ಎಂದರೆ ಅವರು ಸುಮ್ಮನಾಗುವುದಿಲ್ಲ, "ಒಂಬತ್ತಕ್ಕೆ ಬಿತ್ತಾ, ಒಂಬತ್ತು ತುಂಬಿತಾ?" ಎಂದು ಕೇಳುತ್ತಾರೆ. ನಡುವೆ ಒಂದಿಡೀ ತಿಂಗಳಿದೆ. ಆಸ್ಪತ್ರೆಯವರು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ತಾಯಿ ಕಾರ್ಡಿನಲ್ಲಿ ತಾರೀಖು ಬರೆಯುತ್ತಾರೆ. "ಡಾಕ್ಟರು ಡೇಟ್ ಕೊಟ್ಟಿದ್ದಾರೆ" ಎನ್ನುತ್ತೇವೆ, ಕೋರ್ಟು ಕೊಟ್ಟ ಹಾಗೆ. ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು ಮಾತ್ರ.

ವೈದ್ಯಶಾಸ್ತ್ರವೂ ಈ 'ತುಂಬು'ವಿನ ಅರ್ಥವನ್ನು ತಿದ್ದಿಕೊಂಡಿದೆ. ಮೊದಲೆಲ್ಲ 37 ವಾರ ಕಳೆದರೆ ದಿನ ತುಂಬಿತು ಎನ್ನುತ್ತಿದ್ದರು. 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ, 39 ವಾರದಿಂದ 40 ವಾರ 6 ದಿನದವರೆಗಿನದೇ ಪೂರ್ತಿ ತುಂಬಿದ ಅವಧಿ ಎಂದಿತು. ಕೊನೆಯ ಆ ವಾರಗಳಲ್ಲೂ ಮಗುವಿನ ಮಿದುಳು, ಶ್ವಾಸಕೋಶ ಬಲಿಯುತ್ತಿರುತ್ತವೆ. "ಒಂಬತ್ತಾಯ್ತಲ್ಲ, ಒಳ್ಳೆ ನಕ್ಷತ್ರ ನೋಡಿ ಸಿಸೇರಿಯನ್ ಮಾಡಿಸಿಬಿಡೋಣ" ಎನ್ನುವವರಿಗೆ ಅಜ್ಜಿಯ ಪ್ರಶ್ನೆಯನ್ನೇ ಕೇಳಬೇಕು: ಬಿತ್ತಾ, ತುಂಬಿತಾ? ತುಂಬಿದ ಮೇಲೆ ಕಾಯುವುದಕ್ಕೂ ಮಿತಿಯುಂಟು. 41 ವಾರ ದಾಟಿದರೆ ವೈದ್ಯರು ನಿಗಾ ಹೆಚ್ಚಿಸುತ್ತಾರೆ, ಸಾಮಾನ್ಯವಾಗಿ 42 ಆಗಲು ಬಿಡದೆ ನೋವು ಬರಿಸುತ್ತಾರೆ.

ಅಷ್ಟರಲ್ಲಿ ಮೈ ತನ್ನ ಸೂಚನೆ ಕೊಡುತ್ತಿರುತ್ತದೆ. ಚೊಚ್ಚಲ ಬಸುರಿಯಲ್ಲಿ ಮಗುವಿನ ತಲೆ ಸಾಮಾನ್ಯವಾಗಿ ಕೆಲವು ವಾರ ಮೊದಲೇ ಕೆಳಗಿಳಿಯುತ್ತದೆ. ಉಸಿರಾಟ ಹಗುರಾಗುತ್ತದೆ, ಬಚ್ಚಲಿಗೆ ಓಡಾಟ ಹೆಚ್ಚುತ್ತದೆ. ಹೊಟ್ಟೆ ಆಗಾಗ ಕಲ್ಲಿನಂತಾಗಿ ಸಡಿಲುತ್ತದೆ. ಮಗ್ಗುಲು ಬದಲಿಸಿದಾಗ, ನಾಲ್ಕು ಹೆಜ್ಜೆ ನಡೆದಾಗ ಅಡಗಿದರೆ ಅದು ಸುಳ್ಳು ನೋವು. ಏನು ಮಾಡಿದರೂ ಬಿಡದೆ, ಬರಬರುತ್ತ ಹತ್ತಿರವಾಗಿ ಬಲವಾದರೆ ನಿಜವಾದದ್ದು.

ಒಂದೇ ಒಂದು ಕಡೆ 'ತುಂಬು' ನಮ್ಮನ್ನು ದಾರಿ ತಪ್ಪಿಸುತ್ತದೆ. ಹೊಟ್ಟೆ ತುಂಬಿರುವಾಗ ಒದೆಯಲು ಜಾಗವೆಲ್ಲಿ, ಮಗು ಸುಮ್ಮನಿದ್ದರೆ ಸಹಜ ಎಂದುಕೊಳ್ಳುತ್ತಾರೆ. ಇದು ತಪ್ಪು. ಒದೆತದ ರೀತಿ ಬದಲಾಗಬಹುದು, ಒದೆಯುವುದು ಕಡಿಮೆಯಾಗಬಾರದು. ಕಡಿಮೆಯಾಯಿತೆನಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಹೋದರೆ, ನೀರು ಒಡೆದರೆ, ತಲೆ ಸಿಡಿದು ಕಣ್ಣು ಮಂಜಾದರೂ ಅಷ್ಟೇ.

ವ್ಯಾಕರಣದಲ್ಲಿ ಈ ಪದಕ್ಕೆ ಎರಡು ಮುಖ. ದಿನ ತಾನಾಗಿ ತುಂಬುತ್ತದೆ, ಅಲ್ಲಿ ಇನ್ನೊಬ್ಬರ ಕೈ ಬೇಕಿಲ್ಲ. ಆದರೆ ಮಡಿಲನ್ನು ಯಾರಾದರೂ ತುಂಬಬೇಕು. ಸೀಮಂತದಲ್ಲೋ ಕುಬಸದಲ್ಲೋ ಅಕ್ಕಿ, ಕೊಬ್ಬರಿ, ಕಣ ಇಟ್ಟು ಉಡಿ ತುಂಬುವುದು ಅದಕ್ಕೇ. ನಮ್ಮ ಸರ್ಕಾರ ಬಾಣಂತಿಯರಿಗೆ ಕೊಟ್ಟ ಕಿಟ್ಟಿಗೂ 'ಮಡಿಲು' ಎಂದೇ ಹೆಸರಿಟ್ಟಿತು. ಕೊನೆಯ ವಾರಗಳಲ್ಲಿ ಮನೆಮಂದಿಯ ಪಾಲಿಗಿರುವುದು ಈ ಎರಡನೆಯ ಕೆಲಸ: ತಾಯಿ ಕಾರ್ಡು ಕೈಗೆ ಸಿಗುವಂತಿಡುವುದು, ರಕ್ತ ಕೊಡುವವರನ್ನು ಗೊತ್ತು ಮಾಡುವುದು, ವಾಹನಕ್ಕೆ ಹೇಳಿಡುವುದು, ಅದು ತಪ್ಪಿದರೆ 108ಕ್ಕೆ ಯಾರು ಕರೆ ಮಾಡಬೇಕೆಂದು ತೀರ್ಮಾನಿಸುವುದು.

"ಇನ್ನೂ ಆಗಿಲ್ವಾ?" ಎಂದು ದಿನವೂ ಫೋನು ಮಾಡುವ ನೆಂಟರು ಒಮ್ಮೆ "ರಾತ್ರಿ ಎರಡು ಗಂಟೆಯಾದ್ರೂ ಸರಿ ಕಣಮ್ಮಾ, ಕರಿ, ಕಾರು ತರ್ತೀನಿ" ಎಂದು ನೋಡಲಿ. ಅದೂ ಮಡಿಲು ತುಂಬಿದ ಹಾಗೆಯೇ.